ನಿಮ್ಮ ಪದವಿ ಕೋರ್ಸ್ ಟ್ರೈಮೆಸ್ಟರ್‌ಗೆ ಬದಲಾದರೆ: ಕರಾವಳಿಯ ವಿದ್ಯಾರ್ಥಿಗಳಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ವರ್ಷಕ್ಕೆ ಎರಡು ಸೆಮಿಸ್ಟರ್ ಇದ್ದ ಕೋರ್ಸ್ ಇನ್ನು ಮೂರು ಟ್ರೈಮೆಸ್ಟರ್ ಆಗುತ್ತದೆ ಎಂಬ ಸುತ್ತೋಲೆ ಬಂದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಪರೀಕ್ಷೆ ಜಾಸ್ತಿ ಆಯ್ತಲ್ವಾ?’ ಎಂಬುದು. ಹೌದು, ಮೂರು ವರ್ಷದ ಪದವಿಯಲ್ಲಿ ಆರು ಸಲ ಬರುತ್ತಿದ್ದ ಅಂತಿಮ ಪರೀಕ್ಷೆ ಒಂಬತ್ತು ಸಲ ಬರುತ್ತದೆ. ಆದರೆ ಒಂದೊಂದು ಸಲಕ್ಕೆ ಪೇಪರ್ ಕಡಿಮೆ. ಒಟ್ಟು ಓದು ಅಷ್ಟೇ. ನಿಜವಾಗಿ ಕಡಿಮೆಯಾಗುವುದು ನಡುವಿನ ಬಿಡುವು. ಒಂದು ವಾರ ಜ್ವರ ಬಂದು ಮಲಗಿದರೆ, ಮಳೆಗೆ ನಾಲ್ಕು ದಿನ ರಜೆ ಸಿಕ್ಕಿದರೆ, ಚೌತಿಗೆ ಊರಿಗೆ ಹೋಗಿ ಎರಡು ದಿನ ಜಾಸ್ತಿ ನಿಂತರೆ, ಅದನ್ನು ಸರಿಮಾಡಿಕೊಳ್ಳಲು ಸೆಮಿಸ್ಟರ್‌ನಲ್ಲಿ ಜಾಗ ಇತ್ತು. ಟ್ರೈಮೆಸ್ಟರ್‌ನಲ್ಲಿ ಆ ಜಾಗ ತೀರಾ ಕಿರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ನೋಡಿಯೇ ದಿನ ಶುರುಮಾಡುವ ಮಂಗಳೂರು, ಉಡುಪಿಯ ಕಡೆ ಇದು ಸಣ್ಣ ವಿಷಯವಲ್ಲ.

ನಾನು ಪದವಿ ತರಗತಿಗೆ ಪಾಠ ಮಾಡುವವಳು. ಮಕ್ಕಳು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು, ಯಾವುದನ್ನು ಮೊದಲು ಮಾಡಬೇಕೋ ಆ ಕ್ರಮದಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ನೀವು ಯಾವ ಸ್ಕೀಮ್‌ನಲ್ಲಿದ್ದೀರಿ?

ಎಲ್ಲ ಕಾಲೇಜುಗಳೂ ತಮ್ಮಷ್ಟಕ್ಕೆ ಕ್ಯಾಲೆಂಡರ್ ಬದಲಿಸಲು ಆಗುವುದಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಾಮಾನ್ಯ ಕಾಲೇಜು ಕೊಣಾಜೆಯ ವಿಶ್ವವಿದ್ಯಾನಿಲಯ ಕಚೇರಿಯಿಂದ ಬರುವ ವೇಳಾಪಟ್ಟಿಯನ್ನೇ ಪಾಲಿಸಬೇಕು. ಸ್ವಾಯತ್ತ ಕಾಲೇಜು ತನ್ನ ಪಠ್ಯಕ್ರಮ, ಪರೀಕ್ಷೆಗಳನ್ನು ತಾನೇ ನಡೆಸುತ್ತದೆ, ಪದವಿ ಮಾತ್ರ ವಿಶ್ವವಿದ್ಯಾನಿಲಯದ್ದು. ಮಣಿಪಾಲದ ಮಾಹೆ, ಮಂಗಳೂರಿನ ಸಂತ ಅಲೋಶಿಯಸ್‌ನಂಥ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮ ಎಂಬ ಮಾನ್ಯತೆ ಪಡೆದ) ವಿಶ್ವವಿದ್ಯಾಲಯಗಳಿಗೆ ಕ್ಯಾಲೆಂಡರ್ ತೀರ್ಮಾನಿಸುವ ಅಧಿಕಾರ ತಮ್ಮದೇ. ನಿಮ್ಮದು ಇವುಗಳಲ್ಲಿ ಯಾವುದು ಎಂದು ಗೊತ್ತಿದ್ದರೆ ಪ್ರಶ್ನೆ ಯಾರ ಬಳಿ ಒಯ್ಯಬೇಕು ಎಂಬುದೂ ಗೊತ್ತಾಗುತ್ತದೆ.

ಆಮೇಲೆ ಸುತ್ತೋಲೆಯಲ್ಲಿ ಒಂದೇ ಒಂದು ಸಾಲು ಹುಡುಕಿ: ಯಾವ ವರ್ಷ ಸೇರಿದ ಬ್ಯಾಚ್‌ನಿಂದ ಇದು ಜಾರಿ? ಹೊಸದಾಗಿ ಸೇರುವವರಿಗೆ ಮಾತ್ರ ಎಂದಿದ್ದರೆ ಎರಡನೇ, ಮೂರನೇ ವರ್ಷದವರು ನಿಶ್ಚಿಂತೆಯಿಂದ ಇರಬಹುದು. ಎಲ್ಲರಿಗೂ ಎಂದಿದ್ದರೆ ನಡುವೆ ಸಿಕ್ಕಿಕೊಂಡ ಬ್ಯಾಚ್‌ಗೆ ಕೆಲಸ ಜಾಸ್ತಿ. ನಮ್ಮ ರಾಜ್ಯದ ಮಕ್ಕಳಿಗೆ ಸ್ಕೀಮ್ ಬದಲಾವಣೆಯ ಬಿಸಿ ಗೊತ್ತಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ವ್ಯವಸ್ಥೆ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಅದರ ನಡುವೆ ಓದಿದವರಲ್ಲಿ ಎಷ್ಟೋ ಮಂದಿಗೆ ತಾವು ಯಾವ ಸಿಲೆಬಸ್‌ನವರು ಎಂದು ಹೇಳುವುದೇ ಕಷ್ಟವಾಗಿತ್ತು. ನನ್ನ ಕಣ್ಣಿನಲ್ಲಿ, ಅರ್ಧ ದಾರಿ ನಡೆದ ಬ್ಯಾಚನ್ನು ಹೊಸ ಕ್ಯಾಲೆಂಡರ್‌ಗೆ ಎಳೆಯುವುದು ಸರಿಯಲ್ಲ. ಆದರೂ ಎಳೆದರೆ, ಹಳೆಯ ಯಾವ ಪೇಪರ್ ಹೊಸದರಲ್ಲಿ ಯಾವುದಕ್ಕೆ ಸಮ ಎಂದು ತೋರಿಸುವ ಪಟ್ಟಿಯನ್ನು ಲಿಖಿತವಾಗಿ ಕೇಳಿ. ಬಾಯಿಮಾತಿನ ಭರವಸೆ ಸಾಲದು. ಇವತ್ತು ಭರವಸೆ ಕೊಟ್ಟವರು ನಿಮ್ಮ ಕೊನೆಯ ವರ್ಷದ ಹೊತ್ತಿಗೆ ಅದೇ ಕುರ್ಚಿಯಲ್ಲಿ ಇರುತ್ತಾರೆ ಎಂದೇನಿಲ್ಲ.

ಎರಡನೇ ಹೆಜ್ಜೆ: ಕ್ರೆಡಿಟ್ ಲೆಕ್ಕ ನೀವೇ ಮಾಡಿ

ಕಾಗದ, ಪೆನ್ನು ತೆಗೆದುಕೊಳ್ಳಿ. ಇದು ಹತ್ತು ನಿಮಿಷದ ಕೆಲಸ.

ಕ್ರೆಡಿಟ್ ಎಂದರೆ ಪಾಠದ ಗಂಟೆಯ ಮೇಲೆ ಓದನ್ನು ಅಳೆಯುವ ಮಾನ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ಅಂದರೆ ವರ್ಷಕ್ಕೆ 40. ಸೆಮಿಸ್ಟರ್‌ನಲ್ಲಿ ಅದು 20 ಮತ್ತು 20. ಟ್ರೈಮೆಸ್ಟರ್‌ನಲ್ಲಿ 14, 13, 13 ಅಥವಾ ಅದರ ಆಸುಪಾಸು. ನಿಮ್ಮ ಕೋರ್ಸಿನ ಒಟ್ಟು ಕ್ರೆಡಿಟ್ 120ಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಒಂಬತ್ತರಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಯಾವುದಾದರೂ ಒಂದು ಟ್ರೈಮೆಸ್ಟರ್ ತೀರಾ ಭಾರವಾಗಿದ್ದರೆ ಈಗಲೇ ಗುರುತು ಹಾಕಿಡಿ. ಆ ಅವಧಿಯಲ್ಲಿ ಪಾರ್ಟ್ ಟೈಮ್ ಕೆಲಸ, ಬೇರೆ ಪರೀಕ್ಷೆ ಇಟ್ಟುಕೊಳ್ಳಬೇಡಿ.

ಮುಂದಿನದು ಗಂಟೆಯ ಲೆಕ್ಕ. ಥಿಯರಿಯಲ್ಲಿ ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ. ನಾಲ್ಕು ಕ್ರೆಡಿಟ್‌ನ ಪೇಪರ್‌ಗೆ 60 ಗಂಟೆ. ಸೆಮಿಸ್ಟರ್‌ನ 15 ವಾರಕ್ಕೆ ಹಂಚಿದರೆ ವಾರಕ್ಕೆ 4 ಗಂಟೆ. ಟ್ರೈಮೆಸ್ಟರ್‌ನಲ್ಲಿ ಪಾಠಕ್ಕೆ 12 ವಾರ ಸಿಕ್ಕಿದರೆ ವಾರಕ್ಕೆ 5, ಹತ್ತೇ ವಾರ ಸಿಕ್ಕಿದರೆ 6. ಒಂದೇ ವಿಷಯ ದಿನ ಬಿಡದೆ ಬರುತ್ತದೆ ಎಂದರ್ಥ. ಇದರಲ್ಲಿ ಒಳ್ಳೆಯದೂ ಇದೆ. ಒಂದು ಸಲಕ್ಕೆ ಆರೇಳು ವಿಷಯ ತಲೆಯಲ್ಲಿಟ್ಟುಕೊಳ್ಳುವ ಬದಲು ಮೂರೋ ನಾಲ್ಕೋ ವಿಷಯದ ಮೇಲೆ ಗಮನ ಇಡಬಹುದು. ಕಾಸ್ಟ್ ಅಕೌಂಟಿಂಗ್, ಸ್ಟಾಟಿಸ್ಟಿಕ್ಸ್‌ನಂಥ ಲೆಕ್ಕದ ವಿಷಯಗಳಿಗೆ ಇದು ಅನುಕೂಲ, ಏಕೆಂದರೆ ಕೈ ಬಿಡುವ ಮೊದಲೇ ಮುಂದಿನ ಕ್ಲಾಸ್ ಬರುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಐದು ವರ್ಷದ ಕಾನೂನು ಪದವಿಯನ್ನು 15 ಟ್ರೈಮೆಸ್ಟರ್‌ಗಳಲ್ಲಿ ನಡೆಸಿಕೊಂಡು ಬಂದಿದೆ, ಐಐಎಂಗಳ ಎರಡು ವರ್ಷದ ಎಂಬಿಎಯಲ್ಲಿ ಆರು ಟರ್ಮ್ ಇರುತ್ತದೆ. ಹಾಗಾಗಿ ಇದು ಯಾರೂ ಮಾಡಿ ನೋಡದ ಪ್ರಯೋಗವೇನೂ ಅಲ್ಲ.

ಆದರೆ ಭಾಷೆ, ಸಾಹಿತ್ಯ, ಇತಿಹಾಸದ ಪೇಪರ್‌ಗಳಿಗೆ ಇದೇ ಮಾತು ಹೇಳಲಾರೆ. ಒಂದು ಕಾದಂಬರಿಯನ್ನು ಓದಿ, ಬಿಟ್ಟು, ಮತ್ತೆ ಓದಿದಾಗ ಸಿಗುವುದು ಹತ್ತು ವಾರದ ಓಟದಲ್ಲಿ ಸಿಗುವುದು ಕಷ್ಟ. ಅಂಥ ಪೇಪರ್ ಇದ್ದರೆ ಪಠ್ಯವನ್ನು ರಜೆಯಲ್ಲೇ ಓದಿ ಮುಗಿಸಿ ಬನ್ನಿ. ಬಿ.ಎಸ್ಸಿ.ಯವರು ಲ್ಯಾಬ್ ಕಡೆ ಜಾಸ್ತಿ ನೋಡಬೇಕು. ಪ್ರಾಯೋಗಿಕ ತರಗತಿಯಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ. ಎರಡು ಕ್ರೆಡಿಟ್‌ನ ಲ್ಯಾಬ್ 12 ವಾರದಲ್ಲಿ ಮುಗಿಯಬೇಕಾದರೆ ವಾರಕ್ಕೆ 5 ಗಂಟೆ ಬೇಕು. ಅಷ್ಟು ಬ್ಯಾಚ್‌ಗಳಿಗೆ ಲ್ಯಾಬ್‌ನಲ್ಲಿ ಜಾಗ ಇದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ಗಿಡ ಮೊಳೆಯುವುದಕ್ಕೂ ಬ್ಯಾಕ್ಟೀರಿಯಾ ಬೆಳೆಯುವುದಕ್ಕೂ ಬೇಕಾದ ದಿನಗಳನ್ನು ಸುತ್ತೋಲೆ ಕಡಿಮೆ ಮಾಡಲಾರದು.

ಮೂರನೇ ಹೆಜ್ಜೆ: ಗೋಡೆಗೆ ಒಂದು ಕ್ಯಾಲೆಂಡರ್

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಕಾಲೇಜಿನ ವೇಳಾಪಟ್ಟಿಯಲ್ಲಿರುವ ತಾರೀಕುಗಳನ್ನು ನಮ್ಮ ಊರಿನ ವರ್ಷದ ಜೊತೆ ಇಟ್ಟು ನೋಡಬೇಕು. ಜೂನ್ ಕೊನೆ ಅಥವಾ ಜುಲೈನಲ್ಲಿ ಶುರುವಾಗುವ ಕೋರ್ಸ್ ಎಂದಿಟ್ಟುಕೊಳ್ಳಿ.

ಮೊದಲ ಟ್ರೈಮೆಸ್ಟರ್ ಪೂರ್ತಿ ಮಳೆಗಾಲದ್ದು. ರೆಡ್ ಅಲರ್ಟ್ ಬಂದ ದಿನ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ಕೆಲವೊಮ್ಮೆ ದಕ್ಷಿಣ ಕನ್ನಡಕ್ಕೆ ರಜೆ, ಉಡುಪಿಗೆ ಇಲ್ಲ. ಕೆಲವೊಮ್ಮೆ ಶಾಲೆ, ಪಿಯು ಕಾಲೇಜಿಗೆ ಮಾತ್ರ, ಪದವಿಯವರಿಗೆ ಕ್ಲಾಸ್ ಇದ್ದೇ ಇದೆ. ಇದರ ಮೇಲೆ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಕ್ರೈಸ್ತರ ತೆನೆ ಹಬ್ಬ). ಕಾಸರಗೋಡು, ಮಂಜೇಶ್ವರದಿಂದ ಬರುವವರಿಗೆ ಓಣಂ. ಹೀಗೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನದ ಮೇಲೆ ಕ್ಲಾಸ್ ಇಟ್ಟು ತುಂಬಿಸುತ್ತಾರೆ. ಹಾಗಾಗಿ ಮೊದಲ ಟ್ರೈಮೆಸ್ಟರ್‌ನಲ್ಲಿ ಶನಿವಾರಗಳನ್ನು ಖಾಲಿ ಎಂದು ಎಣಿಸಲೇಬೇಡಿ. ಟ್ಯೂಷನ್, ಸಂಗೀತ, ಯಕ್ಷಗಾನದ ತರಗತಿ ಇದ್ದರೆ ಭಾನುವಾರಕ್ಕೆ ಹಾಕಿಕೊಳ್ಳಿ.

ಎರಡನೆಯದು ನವರಾತ್ರಿ, ದೀಪಾವಳಿ, ಕ್ರಿಸ್‌ಮಸ್ ದಾಟಿ ಹೋಗುತ್ತದೆ. ಕುದ್ರೋಳಿಯ ದಸರಾ ದಿನಗಳಲ್ಲಿ ಮಂಗಳೂರಿನ ಟ್ರಾಫಿಕ್ ಗೊತ್ತೇ ಇದೆ. ಉಡುಪಿಯವರು ಇನ್ನೊಂದು ನೆನಪಿಡಿ: ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಅದರ ಹಿಂದೆಮುಂದೆ ಊರಿನೊಳಗೆ ಬಸ್ಸು ಸಲೀಸಾಗಿ ಓಡುವುದಿಲ್ಲ, ರೂಮು ಸಿಗುವುದೂ ಕಷ್ಟ. ಎರಡನೇ ಟ್ರೈಮೆಸ್ಟರ್‌ನ ಪರೀಕ್ಷೆ ಅದೇ ವಾರಕ್ಕೆ ಬಿದ್ದರೆ ತರಗತಿಯ ಪ್ರತಿನಿಧಿಗಳು ಸೇರಿ ಮೊದಲೇ ಮನವಿ ಕೊಡುವುದು ಒಳ್ಳೆಯದು. ಹಾಲ್ ಟಿಕೆಟ್ ಬಂದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಮೂರನೆಯದರಲ್ಲಿ ರಜೆ ಕಡಿಮೆ. ಆದರೆ ಕೋಲ, ನೇಮ, ಕಂಬಳ, ಜಾತ್ರೆ, ಮದುವೆ ಎಲ್ಲ ಸೇರುವ ಕಾಲ ಅದೇ. ಯಕ್ಷಗಾನ ಮೇಳದಲ್ಲಿ ವೇಷ ಮಾಡುವ, ಚೆಂಡೆ ಮದ್ದಳೆ ಬಾರಿಸುವ ವಿದ್ಯಾರ್ಥಿಗಳಿದ್ದಾರೆ. ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯವರೆಗೆ ಅವರಿಗೆ ರಾತ್ರಿ ನಿದ್ದೆ ಇಲ್ಲ. ಅಂಥವರು ಮೆಂಟರ್ ಬಳಿ ವರ್ಷದ ಆರಂಭದಲ್ಲೇ ಮಾತಾಡಬೇಕು. ಕಲೆಗೆ ಬೆಲೆ ಕೊಡುವ ಮೇಷ್ಟ್ರು, ಮೇಡಂಗಳು ನಮ್ಮಲ್ಲಿ ತುಂಬ ಇದ್ದಾರೆ. ಆದರೆ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಅಟೆಂಡೆನ್ಸ್ ಲೆಕ್ಕವನ್ನೂ ಇದೇ ಕ್ಯಾಲೆಂಡರ್ ಮೇಲೆ ಬರೆಯಿರಿ. 60 ಗಂಟೆಯ ಪೇಪರ್‌ಗೆ 75 ಶೇಕಡಾ ಎಂದರೆ 45 ಗಂಟೆ. ತಪ್ಪಿಸಿಕೊಳ್ಳಲು ಇರುವುದು 15 ಗಂಟೆ. ವಾರಕ್ಕೆ 5 ಗಂಟೆ ನಡೆಯುವಾಗ ಒಂದು ವಾರ ಮಲಗಿದರೆ ಅದರಲ್ಲಿ ಮೂರನೇ ಒಂದು ಭಾಗ ಖರ್ಚು. ಮಳೆಗಾಲದಲ್ಲಿ ಡೆಂಗ್ಯೂ ಬಂದರೆ ವಾರದಲ್ಲಿ ಮುಗಿಯುವುದಿಲ್ಲ. ಜ್ವರ ಬಂದ ದಿನವೇ ವೈದ್ಯರ ಚೀಟಿ ತೆಗೆದಿಡಿ, ಕಾಲೇಜಿಗೆ ಫೋನ್ ಮಾಡಿ ತಿಳಿಸಿ. ವಾರ ಕಳೆದು ಚೀಟಿ ಹುಡುಕುವ ಕಷ್ಟ ಬೇಡ.

ನಾಲ್ಕನೇ ಹೆಜ್ಜೆ: ಮೊದಲ ನಾಲ್ಕು ವಾರ

ಸೆಮಿಸ್ಟರ್‌ಗೆ ಒಗ್ಗಿದವರು ಇಲ್ಲೇ ಎಡವುತ್ತಾರೆ. ಮೊದಲ ತಿಂಗಳು ಸುಮ್ನೆ ಕ್ಲಾಸಿಗೆ ಹೋಗಿ ಬರುವುದು, ಇಂಟರ್ನಲ್ಸ್ (ಕಾಲೇಜಿನೊಳಗಿನ ಪರೀಕ್ಷೆ) ಹತ್ತಿರ ಬಂದಾಗ ನೋಟ್ಸ್ ಝೆರಾಕ್ಸ್ ಮಾಡಿಸುವುದು ಅಭ್ಯಾಸ. ಟ್ರೈಮೆಸ್ಟರ್‌ನಲ್ಲಿ ನಾಲ್ಕನೇ ಅಥವಾ ಐದನೇ ವಾರಕ್ಕೆ ಮೊದಲ ಇಂಟರ್ನಲ್ ಬಂದೇ ಬಿಡುತ್ತದೆ. ಅಷ್ಟರಲ್ಲಿ ಸಿಲೆಬಸ್‌ನ ಮೂರನೇ ಒಂದು ಭಾಗ ಮುಗಿದಿರುತ್ತದೆ.

ಹಾಗಾಗಿ ಮೊದಲ ವಾರದಲ್ಲೇ ಪ್ರತಿ ವಿಷಯದ ಪಾಠಯೋಜನೆ ಕೇಳಿ ತೆಗೆದುಕೊಳ್ಳಿ. ಪುಸ್ತಕ ಅದೇ ವಾರ ಕೈಯಲ್ಲಿರಲಿ. ಲೈಬ್ರರಿಯಲ್ಲಿ ಸರದಿಗೆ ಕಾಯುತ್ತಾ ಕೂತರೆ ನಿಮ್ಮ ಸರದಿ ಬರುವಾಗ ಇಂಟರ್ನಲ್ ಮುಗಿದಿರುತ್ತದೆ. ಐಚ್ಛಿಕ ವಿಷಯ ಬದಲಿಸುವ ಆಸೆ ಇದ್ದರೆ ಕೊನೆಯ ದಿನ ಯಾವುದು ಎಂದು ಮೊದಲ ದಿನವೇ ತಿಳಿದುಕೊಳ್ಳಿ, ಆ ಅವಕಾಶ ಬೇಗ ಮುಚ್ಚುತ್ತದೆ. ಅಸೈನ್‌ಮೆಂಟ್, ಸೆಮಿನಾರ್, ಇಂಟರ್ನಲ್ ಎಲ್ಲವನ್ನೂ ಒಂದೇ ವಾರಕ್ಕೆ ಇಟ್ಟಿದ್ದರೆ ತರಗತಿಯ ಪರವಾಗಿ ಒಬ್ಬರು ಹೋಗಿ ಹೇಳಿ. ನಾವು ಶಿಕ್ಷಕರು ನಮ್ಮ ನಮ್ಮ ವಿಷಯದ ತಾರೀಕು ಮಾತ್ರ ನೋಡುತ್ತೇವೆ, ಪಕ್ಕದವರು ಏನು ಇಟ್ಟಿದ್ದಾರೆ ಎಂದು ನಮಗೆ ತಿಳಿಯುವುದು ನೀವು ಹೇಳಿದಾಗಲೇ.

ಬೆಳ್ತಂಗಡಿ, ಕಾರ್ಕಳ, ಕುಂದಾಪುರದಿಂದ ದಿನಾ ಓಡಾಡುವವರಿಗೆ ಸಂಜೆ ಮನೆ ಸೇರುವಾಗ ಕತ್ತಲೆ. ಅವರು ರಾತ್ರಿ ಓದುತ್ತೇನೆ ಎಂಬ ಯೋಜನೆ ಹಾಕುವುದಕ್ಕಿಂತ ಕ್ಲಾಸ್ ಮುಗಿದ ಮೇಲೆ ಲೈಬ್ರರಿಯಲ್ಲಿ ಒಂದು ಗಂಟೆ ಕೂತು ಅಂದಿನದನ್ನು ಅಂದೇ ಬರೆದು ಮುಗಿಸಿ, ಮುಂದಿನ ಬಸ್ಸು ಹಿಡಿಯುವುದು ಮೇಲು.

ಐದನೇ ಹೆಜ್ಜೆ: ಫೀಸು, ಸ್ಕಾಲರ್‌ಶಿಪ್, ಬಸ್ ಪಾಸ್, ಹಾಸ್ಟೆಲ್

ಇದು ಮನೆಯವರು ಓದಬೇಕಾದ ಭಾಗ. ಟ್ರೈಮೆಸ್ಟರ್ ಬಂದರೆ ಫೀಸು ಮೂರು ಕಂತಾಗಬಹುದು, ವರ್ಷಕ್ಕೊಮ್ಮೆಯೇ ಉಳಿಯಬಹುದು. ಪ್ರತಿ ಟ್ರೈಮೆಸ್ಟರ್‌ಗೂ ಪರೀಕ್ಷಾ ಶುಲ್ಕ ಬೇರೆ ಇದೆಯೇ ಎಂದು ಕೇಳಿ. ವರ್ಷದ ಒಟ್ಟು ಮೊತ್ತ ಎಷ್ಟು, ಯಾವ ತಿಂಗಳು ಎಷ್ಟು ಎಂದು ಆಫೀಸಿನಿಂದ ಬರೆಸಿಕೊಳ್ಳಿ. ಮಲ್ಪೆ, ಮಂಗಳೂರಿನ ದಕ್ಕೆಯನ್ನು ನಂಬಿದ ಮನೆಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ 61 ದಿನಗಳಲ್ಲೇ ಮೊದಲ ಕಂತು ಬಿದ್ದರೆ ಕಷ್ಟ. ಅಡಿಕೆ ತೋಟದವರ ಕೈಯಲ್ಲಿ ದುಡ್ಡು ಓಡಾಡುವ ತಿಂಗಳುಗಳು ಬೇರೆ. ಕಂತಿನ ತಾರೀಕು ಮುಂದೂಡಲು ಪ್ರಿನ್ಸಿಪಾಲರಿಗೆ ಮೊದಲೇ ಅರ್ಜಿ ಕೊಡಿ. ಕೇಳಲು ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಶಿಕ್ಷಣ ಸಾಲ ಇದ್ದವರು ಹೊಸ ಫೀಸು ಪಟ್ಟಿಯನ್ನು ಬ್ಯಾಂಕಿಗೆ ಕೊಡಬೇಕು. ಬ್ಯಾಂಕ್ ಸೆಮಿಸ್ಟರ್ ಲೆಕ್ಕದಲ್ಲಿ ಹಣ ಬಿಡುಗಡೆ ಮಾಡಲು ಒಪ್ಪಿದ್ದರೆ ಕಂತುಗಳನ್ನು ಹೊಸ ತಾರೀಕಿಗೆ ಹೊಂದಿಸಲು ಹೇಳಿ.

ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ಗಳ ಸ್ಕಾಲರ್‌ಶಿಪ್‌ಗಳಿಗೆ ವರ್ಷಕ್ಕೊಮ್ಮೆ ಅರ್ಜಿ. ನವೀಕರಣಕ್ಕೆ ಹಿಂದಿನ ವರ್ಷದ ಅಂಕ ಬೇಕು. ಮೂರನೇ ಟ್ರೈಮೆಸ್ಟರ್‌ನ ಫಲಿತಾಂಶ ತಡವಾದರೆ ಇಡೀ ವರ್ಷದ ಅಂಕಪಟ್ಟಿ ಕೈಯಲ್ಲಿ ಇರುವುದಿಲ್ಲ. ಮೂರೂ ಟ್ರೈಮೆಸ್ಟರ್ ಸೇರಿಸಿದ ವಾರ್ಷಿಕ ಅಂಕಪಟ್ಟಿಯನ್ನು, ಅದು ಬರುವವರೆಗೆ ತಾತ್ಕಾಲಿಕ ಪತ್ರವನ್ನು ಕಾಲೇಜು ಕೊಡುತ್ತದೆಯೇ ಎಂದು ಸ್ಕಾಲರ್‌ಶಿಪ್ ನೋಡಿಕೊಳ್ಳುವ ಸಿಬ್ಬಂದಿಯನ್ನು ಕೇಳಿ. ಈ ಒಂದು ಕಾಗದಕ್ಕಾಗಿ ಸ್ಕಾಲರ್‌ಶಿಪ್ ಕಳೆದುಕೊಳ್ಳುವುದು ತುಂಬಾ ನೋವಿನ ವಿಷಯ.

ಬಸ್ಸಿನ ವಿಚಾರ. ಕೆಎಸ್‌ಆರ್‌ಟಿಸಿಯ ಪದವಿ ವಿದ್ಯಾರ್ಥಿ ಪಾಸ್ ಸಾಮಾನ್ಯವಾಗಿ ಹತ್ತು ತಿಂಗಳ ಲೆಕ್ಕದ್ದು, ಅರ್ಜಿ ಸೇವಾಸಿಂಧು ಮೂಲಕ. ಮೂರನೇ ಟ್ರೈಮೆಸ್ಟರ್ ಮೇ ತಿಂಗಳಿಗೆ ಹೋದರೆ ಪಾಸ್ ಮೊದಲೇ ಮುಗಿಯಬಹುದು, ತಾರೀಕು ನೋಡಿಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆದರೆ ಮಂಗಳೂರು–ಉಡುಪಿ–ಕುಂದಾಪುರ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದರಲ್ಲಿ ರಿಯಾಯಿತಿ ಬೇಕಾದರೆ ಕಾಲೇಜಿನ ಗುರುತಿನ ಚೀಟಿಯ ಅವಧಿ ಸರಿಯಾಗಿರಬೇಕು. ರಜೆಯಲ್ಲಿ ಕ್ಲಾಸ್ ನಡೆಯುವುದಾದರೆ ಕಾಲೇಜಿನಿಂದ ಒಂದು ಪತ್ರ ಇಟ್ಟುಕೊಳ್ಳಿ. ಕಂಡಕ್ಟರ್ ಜೊತೆ ವಾದ ಮಾಡುವ ಬದಲು ಅದನ್ನು ತೋರಿಸಬಹುದು. ಕಾಸರಗೋಡು ಕಡೆಯಿಂದ ರೈಲಿನಲ್ಲಿ ಬರುವವರಿಗೆ ಮೂರು ತಿಂಗಳ ಸೀಸನ್ ಟಿಕೆಟ್ ಇದೆ, ಟ್ರೈಮೆಸ್ಟರ್‌ಗೆ ಸರಿಯಾಗಿ ಹೊಂದುತ್ತದೆ.

ಸರ್ಕಾರಿ ಹಾಸ್ಟೆಲ್‌ನಲ್ಲಿರುವವರು ಬೇಸಿಗೆಯಲ್ಲಿ ಹಾಸ್ಟೆಲ್ ಯಾವಾಗ ಮುಚ್ಚುತ್ತದೆ ಎಂದು ವಾರ್ಡನ್‌ರನ್ನು ಈಗಲೇ ಕೇಳಿ. ನಿಮ್ಮ ಪರೀಕ್ಷೆ ಅದರ ನಂತರ ಇದ್ದರೆ ಕಾಲೇಜಿನ ವೇಳಾಪಟ್ಟಿ ಲಗತ್ತಿಸಿ ಮನವಿ ಕೊಡಿ.

ಆರನೇ ಹೆಜ್ಜೆ: ಹೊರಗಿನ ಪರೀಕ್ಷೆಗಳ ಜೊತೆ ಹೊಂದಾಣಿಕೆ

ಮಂಗಳೂರಿನಲ್ಲಿ ಬಿ.ಕಾಂ. ಜೊತೆಗೆ ಸಿಎ ಮಾಡುವವರು ತುಂಬಾ ಜನ. ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐ 2024ರಿಂದ ಫೌಂಡೇಶನ್ ಮತ್ತು ಇಂಟರ್ ಪರೀಕ್ಷೆಗಳನ್ನು ವರ್ಷಕ್ಕೆ ಮೂರು ಸಲ ನಡೆಸುತ್ತಿದೆ. ಅವು ಜನವರಿ, ಮೇ–ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಈಗ ನಿಮ್ಮ ಕ್ಯಾಲೆಂಡರ್ ನೋಡಿ. ಜುಲೈನಲ್ಲಿ ಶುರುವಾದ ಮೊದಲ ಟ್ರೈಮೆಸ್ಟರ್ ಮುಗಿಯುವುದು ಸೆಪ್ಟೆಂಬರ್ ಆಸುಪಾಸಿಗೆ, ಎರಡನೆಯದು ಜನವರಿ ಆಸುಪಾಸಿಗೆ. ಎರಡೂ ಕಡೆ ನೇರ ಡಿಕ್ಕಿ. ಮೂರನೇ ಟ್ರೈಮೆಸ್ಟರ್ ಏಪ್ರಿಲ್‌ನಲ್ಲಿ ಮುಗಿದರೆ ಮೇ ತಿಂಗಳ ಅವಕಾಶ ಮಾತ್ರ ತೆರವಾಗಿ ಸಿಗುತ್ತದೆ. ಇಂಟರ್‌ನಲ್ಲಿ ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಎರಡೂ ಗ್ರೂಪ್ ಒಟ್ಟಿಗೆ ಬರೆಯುವ ಆಸೆ ಇದ್ದವರು ಮೇ ತಿಂಗಳನ್ನೇ ಆರಿಸಿ. ಸೆಪ್ಟೆಂಬರ್‌ನಲ್ಲೇ ಬರೆಯಬೇಕೆಂದಿದ್ದರೆ ಒಂದು ಗ್ರೂಪ್ ಸಾಕು ಎಂಬುದು ನನ್ನ ಸಲಹೆ. ಕಂಪನಿ ಸೆಕ್ರೆಟರಿ ಮತ್ತು ಸಿಎಂಎ (ಕಾಸ್ಟ್ ಅಕೌಂಟೆಂಟ್) ಪರೀಕ್ಷೆಗಳು ಜೂನ್, ಡಿಸೆಂಬರ್‌ನಲ್ಲಿ ಬರುತ್ತವೆ. ಡಿಸೆಂಬರ್‌ನದು ಎರಡನೇ ಟ್ರೈಮೆಸ್ಟರ್‌ನ ನಟ್ಟನಡುವೆ. ಐಐಎಂ ಸೇರಲು ನವೆಂಬರ್ ಕೊನೆಗೆ ಬರೆಯುವ ಕ್ಯಾಟ್ ಕೂಡ ಹಾಗೆಯೇ.

ಕಾಲೇಜು ಪ್ರತಿನಿಧಿಗಳ ಸಭೆಯಲ್ಲಿ ಈ ತಾರೀಕುಗಳನ್ನು ಮೇಜಿನ ಮೇಲಿಡಿ. ಕ್ಯಾಲೆಂಡರ್ ಮಾಡುವವರಿಗೆ ಒಂದು ವಾರ ಹಿಂದೆಮುಂದೆ ಮಾಡುವುದು ದೊಡ್ಡ ಕೆಲಸ ಅಲ್ಲ, ಬರೆಯುವ ಮಕ್ಕಳಿಗೆ ಆ ವಾರ ತುಂಬಾ ದೊಡ್ಡದು.

ಏಳನೇ ಹೆಜ್ಜೆ: ಪೇಪರ್ ಉಳಿದರೆ

ಫಲಿತಾಂಶ ಬರುವಾಗ ಮುಂದಿನ ಟ್ರೈಮೆಸ್ಟರ್ ಆಗಲೇ ಎರಡು ಮೂರು ವಾರ ಓಡಿರುತ್ತದೆ. ಆದ್ದರಿಂದ ಮೂರು ವಿಷಯ ಮೊದಲೇ ತಿಳಿದಿರಲಿ. ಉಳಿದ ಪೇಪರ್‌ಗೆ ಮತ್ತೆ ಪರೀಕ್ಷೆ ಯಾವಾಗ, ಮುಂದಿನ ಟ್ರೈಮೆಸ್ಟರ್‌ನ ಕೊನೆಗೋ, ವರ್ಷದ ನಂತರವೋ? ಮೊದಲ ಟ್ರೈಮೆಸ್ಟರ್‌ನ ಪೇಪರ್ ಪಾಸಾಗದೆ ಎರಡನೆಯದರ ಮುಂದುವರಿದ ಭಾಗಕ್ಕೆ ಕೂರಬಹುದೇ? ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಎಷ್ಟು ದಿನ? ಹೆಚ್ಚಾಗಿ ಆ ಕೊನೆಯ ದಿನವೂ ಹೊಸ ಇಂಟರ್ನಲ್‌ನ ವಾರವೂ ಒಟ್ಟಿಗೆ ಬರುತ್ತವೆ, ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಒಂದು ಪೇಪರ್ ಉಳಿದವರು ಅದರ ನೋಟ್ಸನ್ನು ಕಟ್ಟಿಡದೆ ವಾರಕ್ಕೆ ಒಂದು ಸಂಜೆ ಅದಕ್ಕೇ ಇಡಿ. ಮೂರು ಪೇಪರ್ ಉಳಿದಿದ್ದರೆ ಮನೆಯಲ್ಲಿ ಮುಚ್ಚಿಡದೆ ಹೇಳಿ, ಮೆಂಟರ್ ಜೊತೆ ಕೂತು ಯಾವುದನ್ನು ಮೊದಲು ಬರೆಯಬೇಕೆಂದು ತೀರ್ಮಾನಿಸಿ.

ಕೊನೆಯ ಹೆಜ್ಜೆ: ದಾಖಲೆಗಳು

ಡಿಜಿಲಾಕರ್‌ನಲ್ಲಿ ಅಪಾರ್ ಐಡಿಗೆ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಜೋಡಿಸಿದ ಎಬಿಸಿ (ಕ್ರೆಡಿಟ್ ಜಮಾ ಮಾಡುವ) ಖಾತೆ ತೆರೆದು, ಪ್ರತಿ ಟ್ರೈಮೆಸ್ಟರ್ ಮುಗಿದ ಮೇಲೆ ಕ್ರೆಡಿಟ್ ಜಮಾ ಆಗಿದೆಯೇ ನೋಡಿ. ನಡುವೆ ಸ್ಕೀಮ್ ಬದಲಾದವರು ಹಳೆಯ ಸೆಮಿಸ್ಟರ್‌ನ ಕ್ರೆಡಿಟ್‌ಗಳೂ ಅಲ್ಲಿ ಇವೆಯೇ ಎಂದು ಒಂದೊಂದಾಗಿ ಎಣಿಸಬೇಕು. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಒಂದು ತರ, ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಇನ್ನೊಂದು ತರ ಇದ್ದರೆ ಇಲ್ಲಿ ತೊಂದರೆ ಬರುತ್ತದೆ, ಬೇಗ ಸರಿಪಡಿಸಿ.

ಮುಂದೆ ವಿದೇಶಕ್ಕೆ ಓದಲು ಹೋಗುವ ಯೋಚನೆ ಇದ್ದವರಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಕ್ವಾರ್ಟರ್ ಪದ್ಧತಿಯ, ಅಂದರೆ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಲ್ಲಿ ಪಾಠ ನಡೆಯುವ, ವಿಶ್ವವಿದ್ಯಾಲಯಗಳಿವೆ. ಅಲ್ಲಿ ಒಂದು ಸೆಮಿಸ್ಟರ್ ಕ್ರೆಡಿಟ್‌ಗೆ ಒಂದೂವರೆ ಕ್ವಾರ್ಟರ್ ಕ್ರೆಡಿಟ್ ಎಂಬ ಲೆಕ್ಕ. ನಮ್ಮಲ್ಲಿ ಕ್ರೆಡಿಟ್ ಪಾಠದ ಗಂಟೆಯ ಮೇಲೆ ನಿಂತಿದೆ, ಕ್ಯಾಲೆಂಡರ್ ಬದಲಾದರೂ 60 ಗಂಟೆಯ ಪೇಪರ್ ನಾಲ್ಕು ಕ್ರೆಡಿಟ್ಟೇ. ಟ್ರೈಮೆಸ್ಟರ್ ಎಂಬ ಮಾತು ನೋಡಿ ಅಲ್ಲಿಯವರು ನಿಮ್ಮ ನಾಲ್ಕನ್ನು ಕಡಿಮೆ ಎಣಿಸದಿರಲು, ಪ್ರತಿ ಪೇಪರ್‌ನ ಮುಂದೆ ಪಾಠದ ಗಂಟೆಯನ್ನೂ ನಮೂದಿಸಿದ ಟ್ರಾನ್ಸ್‌ಕ್ರಿಪ್ಟ್ ಕೊಡುವಂತೆ ಪರೀಕ್ಷಾ ವಿಭಾಗಕ್ಕೆ ಅರ್ಜಿ ಹಾಕಿ. ಜೊತೆಗೆ ಪ್ರತಿ ಟ್ರೈಮೆಸ್ಟರ್‌ನ ಸಿಲೆಬಸ್ ಪುಟಗಳನ್ನು ಸೀಲು, ಸಹಿ ಸಹಿತ ಆಗಾಗಲೇ ತೆಗೆದು ಫೈಲಿನಲ್ಲಿ ಇಡಿ. ಮುಗಿಸಿ ಹೋದ ಎರಡು ವರ್ಷದ ನಂತರ ಹಳೆಯ ಸ್ಕೀಮ್‌ನ ಸಿಲೆಬಸ್ ಹುಡುಕಿ ಕೊಡುವುದು ಆಫೀಸಿನವರಿಗೂ ಕಷ್ಟ.